ತೊಟ್ಟಿಕ್ಕದೆಯೇ ಖಾಲಿಯಾಗುವ ರೇಡಿಯೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2004ರ ಟಾಟಾ 1613 ಲಾರಿ. ಕಮಿನ್ಸ್ 6ಬಿಟಿ ಟರ್ಬೊ ಎಂಜಿನ್ ಇದೆ. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಮಂಗಳೂರಿಗೆ ಹೋಗಿ, ಅಲ್ಲಿಂದ ರಸಗೊಬ್ಬರ ತುಂಬಿಕೊಂಡು ಹಿಂದಿರುಗುತ್ತೇನೆ. ಪ್ರತಿ ಸಲವೂ ಎರಡು ಮೂರು ಲೀಟರ್ ನೀರು ಕಡಿಮೆಯಾಗುತ್ತದೆ. ಶಿರಾಡಿ ಘಾಟಿ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಹೆಚ್ಚು ಖಾಲಿಯಾಗುವುದು ವಿಚಿತ್ರವಾಗಿ ತೋರುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ರೇಡಿಯೇಟರ್ ಇಳಿಸಿ ಶುದ್ಧ ಮಾಡಿಸಿದ್ದಾಯಿತು, ಹೋಸ್ ಪೈಪುಗಳನ್ನು ಹೊಸದಾಗಿ ಹಾಕಿಸಿದ್ದಾಯಿತು. ಈಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿರುವುದನ್ನು ನೋಡಿದ ಮೇಸ್ತ್ರಿಯವರು, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು ಎನ್ನುತ್ತಿದ್ದಾರೆ. ಇಳಿಸಬಹುದೇ?
– ಓದುಗರು, ತಿಪಟೂರು

ಉತ್ತರ: ಈಗಲೇ ಇಳಿಸಬೇಡಿ. ನೀವು ವಿಚಿತ್ರವೆಂದು ಬರೆದಿರುವ ಸಂಗತಿಯೇ ನಿಮ್ಮ ಪತ್ರದಲ್ಲಿರುವ ಅತ್ಯಂತ ಬೆಲೆಯುಳ್ಳ ಸುಳಿವು. ಹಳೆಯ ಲಾರಿಯ ನೀರು ಎಲ್ಲಿಂದ ಹೋಗುತ್ತಿದೆ ಎಂದು ಹುಡುಕುವ ಮೊದಲು ಅದು ಯಾವಾಗ ಹೋಗುತ್ತಿದೆ ಎಂಬುದನ್ನು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಆದರೆ ಗ್ಯಾರೇಜುಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೀಳಿದ್ದರೆ ಸಿಲಿಂಡರಿನೊಳಗೆ ಡೀಸೆಲ್ ಉರಿದಾಗ ಉಂಟಾಗುವ ಒತ್ತಡವು ನೀರಿನ ದಾರಿಗೆ ನುಗ್ಗುತ್ತದೆ. ಆ ಒತ್ತಡವು ಲೋಡು ಹೊತ್ತು ಘಾಟಿ ಹತ್ತುವಾಗ ಅತಿ ಹೆಚ್ಚಾಗಿರುತ್ತದೆ. ಇಳಿಜಾರಿನಲ್ಲಿ ಗೇರಿನ ಹಿಡಿತದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ನಿಮ್ಮಂಥ ಎಂಜಿನ್ನಿಗೆ ಡೀಸೆಲ್ ಹೋಗುವುದೇ ಇಲ್ಲ. ಸಿಲಿಂಡರುಗಳಲ್ಲಿ ಬರಿಯ ಗಾಳಿ ಅದುಮಿಕೊಳ್ಳುತ್ತಿರುತ್ತದೆ, ಅಷ್ಟೆ. ಆದ್ದರಿಂದ ಹೆಡ್ ಗ್ಯಾಸ್ಕೆಟಿನದೇ ದೋಷವಾಗಿದ್ದರೆ ನೀರು ಹತ್ತುವಾಗ ಹೆಚ್ಚು ಹೋಗಬೇಕಾಗಿತ್ತು. ಇಳಿಯುವಾಗ ಹೆಚ್ಚು ದುಡಿಯುವ ಭಾಗ ಬೇರೆಯೇ ಒಂದಿದೆ. ಅದು ಬ್ರೇಕಿಗೆ ಬೇಕಾದ ಗಾಳಿಯನ್ನು ಅದುಮಿ ಏರ್ ಟ್ಯಾಂಕಿಗೆ ತುಂಬುವ ಏರ್ ಬ್ರೇಕಿನ ಕಂಪ್ರೆಸರ್.

ಈ ಕಂಪ್ರೆಸರ್ ಎಂಜಿನ್ನಿನ ಗೇರುಗಳಿಂದ ತಿರುಗುತ್ತದೆ. ಗಾಳಿಯನ್ನು ಅದುಮುವಾಗ ಅದರ ಹೆಡ್ ವಿಪರೀತ ಕಾಯುವುದರಿಂದ ಎಂಜಿನ್ನಿನ ನೀರನ್ನೇ ಎರಡು ಸಣ್ಣ ಪೈಪುಗಳ ಮೂಲಕ ಅಲ್ಲಿಗೂ ಹಾಯಿಸಿ ತಣಿಸುತ್ತಾರೆ. ಅಂದರೆ ಆ ಪುಟ್ಟ ಹೆಡ್ಡಿನೊಳಗೆ ಒಂದು ಗ್ಯಾಸ್ಕೆಟ್ಟಿನ ಈ ಕಡೆ 7–8 ಬಾರ್ ಒತ್ತಡದ ಗಾಳಿಯೂ ಆ ಕಡೆ ಎಂಜಿನ್ನಿನ ನೀರೂ ಇರುತ್ತವೆ. ಗ್ಯಾಸ್ಕೆಟ್ ಸವೆದು ದಾರಿಯಾದರೆ, ಪ್ರತಿ ಹೊಡೆತಕ್ಕೂ ಸ್ವಲ್ಪ ಗಾಳಿ ನೀರಿಗೆ ನುಗ್ಗಿ ಅಲ್ಲಿಂದ ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಬಂದು ಸೇರುತ್ತದೆ. ರೇಡಿಯೇಟರಿನ ಮುಚ್ಚಳವು ಸುಮಾರು 1 ಬಾರ್ ಅಥವಾ ಅದಕ್ಕೂ ಕಡಿಮೆ ಒತ್ತಡಕ್ಕೆ ತೆರೆದುಕೊಳ್ಳುವುದರಿಂದ, ಹೀಗೆ ಬಂದ ಗಾಳಿ ತನ್ನ ಜಾಗ ಮಾಡಿಕೊಳ್ಳಲು ನೀರನ್ನು ಓವರ್‌ಫ್ಲೋ ಪೈಪಿನ ಮೂಲಕ ಹೊರಗೆ ತಳ್ಳುತ್ತದೆ. ಲಾರಿ ಓಡುತ್ತಿರುವಾಗ ಅದು ತುಂತುರಾಗಿ ರಸ್ತೆಯ ಮೇಲೆ ಹೋಗುತ್ತದೆ. ನಿಲ್ಲಿಸಿದಾಗ ತಳ್ಳುವವರಿಲ್ಲದ್ದರಿಂದ ಹನಿಯೂ ಬೀಳುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಬ್ರೇಕ್ ತುಳಿಯುತ್ತಲೇ ಇಳಿಯಬೇಕಾದ ಲಾರಿಯಲ್ಲಿ ಏರ್ ಟ್ಯಾಂಕ್ ಮತ್ತೆ ಮತ್ತೆ ಬರಿದಾಗುತ್ತದೆ, ಕಂಪ್ರೆಸರ್ ಮತ್ತೆ ಮತ್ತೆ ತುಂಬುತ್ತದೆ. ನಿಮ್ಮ ನೀರು ಇಳಿಜಾರಿನಲ್ಲಿ ಹೋಗುವುದಕ್ಕೆ ಇದು ಸರಿಹೊಂದುವ ಕಾರಣ.

ಆದರೆ ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಸಾಕ್ಷಿ ಬೇಕೆಂದರೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಎಂಜಿನ್ ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಟ್ಟೆ ಕೊಟ್ಟು, ಏರ್ ಟ್ಯಾಂಕಿನ ಡ್ರೈನ್ ಕಾಕ್ ತೆರೆದು ಗಾಳಿಯನ್ನೆಲ್ಲ ಬಿಟ್ಟುಬಿಡಿ. ಬಿಡುವಾಗ ಹೊರಬರುವ ದ್ರವವನ್ನು ಒಂದು ಬಿಳಿಯ ತಟ್ಟೆಯಲ್ಲಿ ಹಿಡಿಯಿರಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಒಂದಿಷ್ಟು ನೀರು, ಜೊತೆಗೆ ಕಂಪ್ರೆಸರಿನ ಎಣ್ಣೆಯ ಜಿಡ್ಡು ಇರುವುದು ಸಹಜ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟಿನ ಬಣ್ಣ ಕಂಡರೆ ಮಾತ್ರ ಅದು ಎಂಜಿನ್ನಿನಿಂದ ಬಂದದ್ದು, ಏಕೆಂದರೆ ಬಿಸಿ ಎಂಜಿನ್ನನ್ನು ನಿಲ್ಲಿಸಿದ ಮೇಲೆ ನೀರಿನಲ್ಲಿ ಉಳಿದ ಒತ್ತಡವು ಅದೇ ಬಿರುಕಿನಿಂದ ಹಿಮ್ಮುಖವಾಗಿ ಕಂಪ್ರೆಸರಿನೊಳಗೆ ಜಿನುಗುತ್ತದೆ. ಅನಂತರ ರೇಡಿಯೇಟರಿನ ಮುಚ್ಚಳ ತೆಗೆದು, ನೀರನ್ನು ಕೊರಳಿಗಿಂತ ಸ್ವಲ್ಪ ಕೆಳಗೆ ಇರುವಂತೆ ಮಾಡಿಕೊಂಡು ಎಂಜಿನ್ ಚಾಲೂ ಮಾಡಿಸಿ. ಒಬ್ಬರು ಕ್ಯಾಬಿನ್ನಿನಲ್ಲಿ ಕುಳಿತು ಏರ್ ಮೀಟರಿನ ಮುಳ್ಳನ್ನು ಕೂಗಿ ಹೇಳುತ್ತಿರಲಿ, ನೀವು ನೀರನ್ನು ನೋಡುತ್ತಿರಿ. ಮೊದಮೊದಲು ಸಿಕ್ಕಿಕೊಂಡಿದ್ದ ಗಾಳಿಯ ಕೆಲವು ಗುಳ್ಳೆ ಬರುವುದುಂಟು. ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟ್ಯಾಂಕ್ ತುಂಬುತ್ತಾ ಮುಳ್ಳು ಏರಿದಂತೆ ಗುಳ್ಳೆಗಳೂ ಹೆಚ್ಚಾಗಿ, ಟ್ಯಾಂಕ್ ಭರ್ತಿಯಾಗಿ ವಾಲ್ವು ‘ಪುಸ್’ ಎಂದು ಬಿಟ್ಟುಕೊಟ್ಟ ಕೂಡಲೇ ಗುಳ್ಳೆ ಕಡಿಮೆಯಾಗುತ್ತದೆಯೇ? ಆಮೇಲೆ ಬ್ರೇಕನ್ನು ಹಲವು ಸಲ ತುಳಿದು ಗಾಳಿಯನ್ನು ಇಳಿಸಿದಾಗ, ಕಂಪ್ರೆಸರ್ ಮತ್ತೆ ತುಂಬಲು ಶುರುಮಾಡುವ ಹೊತ್ತಿಗೆ ಸರಿಯಾಗಿ ಗುಳ್ಳೆ ಮತ್ತೆ ಏಳುತ್ತದೆಯೇ? ಹೀಗಾದರೆ ದೋಷ ಕಂಪ್ರೆಸರಿನದು. ಮುಳ್ಳು ಎಲ್ಲಿದ್ದರೂ ಲೆಕ್ಕಿಸದೆ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗುಳ್ಳೆ ಜೋರಾಗುವುದಾದರೆ ಮೇಸ್ತ್ರಿಯವರ ಮಾತಿನಲ್ಲಿ ಹುರುಳಿದೆ.

ಈ ಪರೀಕ್ಷೆಯನ್ನು ನೀರು ಕಾಯುವ ಮೊದಲೇ ಮುಗಿಸಬೇಕು, ಮುಖವನ್ನು ರೇಡಿಯೇಟರಿನ ಬಾಯಿಯ ಮೇಲೆ ಒಡ್ಡಬಾರದು. ಕಾದ ಎಂಜಿನ್ನಿನ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ತಿರುವಬೇಡಿ. 10 ಪಿಎಸ್‌ಐ (ಸುಮಾರು 0.7 ಬಾರ್) ಮುಚ್ಚಳದ ಅಡಿಯಲ್ಲಿ ಬರಿಯ ನೀರು ಸುಮಾರು 115 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲವಾದ ಕ್ಷಣದಲ್ಲೇ ಅದು ಒಮ್ಮೆಲೇ ಕುದಿದು ಮೈಮೇಲೆ ಚಿಮ್ಮುತ್ತದೆ. ಒದ್ದೆ ಗೋಣಿ ಹಿಡಿದು ಮುಚ್ಚಳ ತಿರುಗಿಸುವ ಕ್ಲೀನರ್ ಹುಡುಗರ ಕೈಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಂಪ್ರೆಸರಿನದೇ ದೋಷವೆಂದು ಖಚಿತವಾದರೆ ಅದರ ಹೆಡ್ ಬಿಚ್ಚಿ, ಮೇಲ್ಮೈ ಸೊಟ್ಟಗಾಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ, ಗ್ಯಾಸ್ಕೆಟ್ ಮತ್ತು ವಾಲ್ವುಗಳ ಕಿಟ್ ಹಾಕಿಸಿ. ಎಂಜಿನ್ ಹೆಡ್ ಇಳಿಸುವುದಕ್ಕೆ ಹೋಲಿಸಿದರೆ ಇದು ಚಿಕ್ಕ ಕೆಲಸ. ನೀರಿನ ಪೈಪುಗಳನ್ನು ಕಂಪ್ರೆಸರಿನಿಂದ ಬಿಡಿಸಿ ಒಂದಕ್ಕೊಂದು ಜೋಡಿಸಿ ‘ಹಾಗೇ ಓಡಿಸಿ’ ಎನ್ನುವವರೂ ಇದ್ದಾರೆ. ಪರೀಕ್ಷೆಗೆಂದು ಗ್ಯಾರೇಜಿನ ಅಂಗಳದಲ್ಲಿ ಸ್ವಲ್ಪ ಹೊತ್ತು ಹಾಗೆ ಮಾಡಬಹುದು, ರಸ್ತೆಗೆ ಮಾತ್ರ ಬೇಡ. ನೀರಿಲ್ಲದ ಕಂಪ್ರೆಸರ್ ಕಾದು ಎಣ್ಣೆ ಕರಕಾಗಿ ಗಾಳಿಯ ಪೈಪು ಕಟ್ಟಿಕೊಂಡರೆ, ಘಾಟಿಯ ನಡುವೆ ಕೈಕೊಡುವುದು ಬ್ರೇಕು.

ಗುಳ್ಳೆಯ ಪರೀಕ್ಷೆಗೂ ಮೊದಲೇ ಮುಗಿಸಬಹುದಾದ ಕೆಲವು ಸಣ್ಣ ವಿಚಾರಣೆಗಳೂ ಇವೆ. ನೀವು ರೇಡಿಯೇಟರನ್ನು ಬೆಳಿಗ್ಗೆ ಕೊರಳಿನವರೆಗೂ ತುಂಬುತ್ತೀರಾ? 20 ಡಿಗ್ರಿಯ ನೀರು 90 ಡಿಗ್ರಿಗೆ ಕಾದಾಗ ನೂರಕ್ಕೆ ಮೂರೂವರೆ ಪಾಲಿನಷ್ಟು ಹಿಗ್ಗುತ್ತದೆ. 20 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಅದು ಸುಮಾರು 700 ಮಿಲಿಲೀಟರ್ ಆಗುತ್ತದೆ. ಹೆಚ್ಚುವರಿ ನೀರನ್ನು ಹಿಡಿದಿಡುವ ಡಬ್ಬ ಒಡೆದಿದ್ದರೆ ಅಥವಾ ಅದರ ಪೈಪು ಕಳಚಿದ್ದರೆ ಆ ನೀರು ರಸ್ತೆಗೇ ಹೋಗುತ್ತದೆ, ಸಂಜೆ ‘ಕಡಿಮೆಯಾಗಿದೆ’ ಎಂದು ನೀವು ಮತ್ತೆ ತುಂಬುತ್ತೀರಿ, ಮರುದಿನ ಅದೇ ಕಥೆ. ಇಂಥ ಲಾರಿಯಲ್ಲಿ ಸೋರಿಕೆಯೇ ಇರುವುದಿಲ್ಲ. ಎರಡು ಮೂರು ಲೀಟರ್ ಎಂದು ನೀವು ಬರೆದಿರುವುದರಿಂದ ನಿಮ್ಮದು ಇದಿಷ್ಟೇ ಅಲ್ಲ, ಆದರೂ ಇದನ್ನು ಲೆಕ್ಕದಿಂದ ಕಳೆದು ನೋಡಿ. ಮುಚ್ಚಳದ ಒಳಗಿನ ರಬ್ಬರ್ ಗಟ್ಟಿಯಾಗಿ ಸೀಳಿದೆಯೇ ಎಂಬುದನ್ನೂ ನೋಡಿ. ತಣ್ಣಗಾದ ಮೇಲೆ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ, ಡಬ್ಬದ ನೀರನ್ನು ವಾಪಸ್ಸು ಒಳಗೆ ಬಿಡಬೇಕಾದ ಮುಚ್ಚಳದ ಚಿಕ್ಕ ವಾಲ್ವು ಅಂಟಿಕೊಂಡಿದೆ ಎಂದರ್ಥ.

ಇನ್ನೊಂದು ವಿಷಯ. ಬರಿಯ ನೀರು ಹಾಕಿದ ಲಾರಿಯಲ್ಲಿ ಬಿಸಿ ಕಬ್ಬಿಣದ ಮೇಲೆ ಜಿನುಗಿದ ನೀರು ಆವಿಯಾಗಿ ಗುರುತೇ ಉಳಿಯುವುದಿಲ್ಲ. ಬಣ್ಣದ ಕೂಲಂಟ್ ಬೆರೆಸಿ ಒಂದೆರಡು ದಿನ ಓಡಿಸಿದರೆ, ಸೋರುವ ಜಾಗದಲ್ಲಿ ಹಸಿರು ಅಥವಾ ಕೆಂಪು ಬಣ್ಣದ ಅಂಟು ಗೆರೆ ಉಳಿಯುತ್ತದೆ. ಆಗ ಟಾರ್ಚ್ ಹಿಡಿದು ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ತೂತನ್ನು ನೋಡಿ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಆ ತೂತನ್ನು ಬಿಟ್ಟಿರುತ್ತಾರೆ, ಅದನ್ನು ಮುಚ್ಚಿಸಬಾರದು. ರೇಡಿಯೇಟರಿನ ಟ್ಯಾಂಕ್ ಮತ್ತು ಜಾಲರಿ ಕೂಡುವ ಬೆಸುಗೆಯಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಬ್ಲಾಕಿನ ಪಕ್ಕದ ದುಂಡು ಕೋರ್ ಪ್ಲಗ್ಗುಗಳ ಅಂಚಿನಲ್ಲಿ ತುಕ್ಕಿನ ಕಣ್ಣೀರಿಳಿದಿದೆಯೇ ಎಂದೂ ನೋಡಿ. ಹೋಸ್ ಪೈಪುಗಳ ಕ್ಲಿಪ್ಪಿನ ಸಂದುಗಳನ್ನು ಮಾತ್ರ ಬೆಳಿಗ್ಗೆ ಎಂಜಿನ್ ಶುರುಮಾಡುವ ಮೊದಲೇ ಮುಟ್ಟಿ ನೋಡಬೇಕು, ಏಕೆಂದರೆ ರಬ್ಬರು ತಣ್ಣಗೆ ಕುಗ್ಗಿದಾಗ ಸೋರುವ ಸಂದು ಕಾದ ಮೇಲೆ ತಾನಾಗಿ ಬಿಗಿದುಕೊಂಡು ಏನೂ ಅರಿಯದಂತೆ ಇರುತ್ತದೆ. ಹತ್ತಿರದಲ್ಲಿ ರೇಡಿಯೇಟರಿಗೆ ಒತ್ತಡ ಕೊಡುವ ಕೈಪಂಪು ಇರುವ ಗ್ಯಾರೇಜ್ ಇದ್ದರೆ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಿಸಿ. ಮುಳ್ಳು ಇಳಿದು ಹೊರಗೆಲ್ಲೂ ಹನಿ ಕಾಣದಿದ್ದರೆ ನೀರು ಒಳಗೆಲ್ಲೋ ಹೋಗುತ್ತಿದೆ.

ಇಷ್ಟೆಲ್ಲ ನೋಡಿದ ಮೇಲೂ ಗುಳ್ಳೆಗಳು ಎಂಜಿನ್ನಿನವೇ ಎಂದು ಕಂಡರೆ, ತಣ್ಣನೆಯ ಎಂಜಿನ್ ಶುರುಮಾಡಿದ ಒಂದೆರಡು ನಿಮಿಷದಲ್ಲೇ, ನೀರಿನ್ನೂ ಉಗುರುಬೆಚ್ಚಗಿರುವಾಗಲೇ ಮೇಲಿನ ಹೋಸ್ ಪೈಪು ಕಲ್ಲಿನಂತೆ ಬಿಗಿಯುತ್ತಿದ್ದರೆ, ಹೆಡ್ ಇಳಿಸಿ. ಈ ಎಂಜಿನ್ನಿನಲ್ಲಿ ಆರೂ ಸಿಲಿಂಡರಿಗೆ ಒಂದೇ ಹೆಡ್ ಇರುವುದರಿಂದ ಅದನ್ನು ಉದ್ದಕ್ಕೂ ನೇರಪಟ್ಟಿ ಇಟ್ಟು ಅಳೆಸದೆ, ಹೊಸ ಗ್ಯಾಸ್ಕೆಟ್ ಇಟ್ಟು ಕೂಡಿಸಲು ಒಪ್ಪಬೇಡಿ.

ಪ್ರಶ್ನೆ: ಹಳೆಯ ಲಾರಿಯೊಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಅದರಲ್ಲೂ ಕಮಿನ್ಸ್ 6ಬಿಟಿ ಎಂಜಿನ್ನೇ ಇದೆ. ರೇಡಿಯೇಟರಿನಲ್ಲಿ ಕಪ್ಪು ಜಿಡ್ಡು ತೇಲುತ್ತಿದೆ. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಹಾಲು ಬೆರೆಸಿದಂಥ ಪದಾರ್ಥ ಕಾಣುತ್ತಿದೆ. ಬ್ಲಾಕ್ ಒಡೆದಿರಬೇಕು, ಎಂಜಿನ್ನನ್ನೇ ಬದಲಿಸಿ ಎಂದು ಹೇಳುತ್ತಾರೆ.
– ಓದುಗರು, ಹಿರಿಯೂರು

ಉತ್ತರ: ಬ್ಲಾಕ್ ಒಡೆಯುವುದು ಅಪರೂಪ; ಆಯಿಲ್ ಕೂಲರ್ ತೂತಾಗುವುದು ಅದಕ್ಕಿಂತ ಎಷ್ಟೋ ಸಾಮಾನ್ಯ. ನಿಮ್ಮ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರ್ ಕೂರುವ ಭಾಗದ ಹಿಂದೆಯೇ, ನೀರಿನ ಹಾದಿಯೊಳಗೆ ಮುಳುಗಿರುವಂತೆ ಕೂಲರಿನ ತಟ್ಟೆಗಳಿವೆ. ಆ ತಟ್ಟೆಗಳ ಒಳಗೆ ಎಣ್ಣೆ, ಹೊರಗೆ ನೀರು. ಎಂಜಿನ್ ಓಡುತ್ತಿರುವಾಗ ಎಣ್ಣೆಯ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚಾಗಿರುವುದರಿಂದ, ತಟ್ಟೆಯಲ್ಲಿ ಸಣ್ಣ ತೂತು ಬಿದ್ದರೂ ಎಣ್ಣೆಯೇ ನೀರಿಗೆ ಹೋಗುತ್ತದೆ. ಎಂಜಿನ್ ನಿಂತ ಕೂಡಲೇ ಎಣ್ಣೆಯ ಒತ್ತಡ ಇಲ್ಲವಾಗುತ್ತದೆ, ಆದರೆ ಕಾದ ನೀರಿನ ಒತ್ತಡ ಬಹಳ ಹೊತ್ತು ಉಳಿಯುತ್ತದೆ. ಆಗ ನೀರು ಎಣ್ಣೆಗೆ ಬರುತ್ತದೆ. ಎರಡು ಕಡೆಯೂ ಕೆಟ್ಟಿರುವುದನ್ನು ಕಂಡು ಜನ ಬ್ಲಾಕಿನ ಮೇಲೆ ಅನುಮಾನಪಡುತ್ತಾರಾದರೂ, ಒಂದೇ ತೂತು ಎರಡೂ ಕೆಲಸ ಮಾಡಬಲ್ಲದು. ರೇಡಿಯೇಟರಿನಲ್ಲಿ ಎಣ್ಣೆ ಹೇರಳವಾಗಿ ಇದ್ದು ಗುಳ್ಳೆಗಳು ಇಲ್ಲದಿದ್ದರೆ ನಾನು ಮೊದಲು ಬಿಚ್ಚಿಸುವುದು ಕೂಲರನ್ನೇ.

ಮುಚ್ಚಳದ ಅಡಿಯ ಹಾಲುಬಣ್ಣವೊಂದನ್ನೇ ನಂಬಬೇಡಿ. ಚಳಿಗಾಲದಲ್ಲಿ ಸಮೀಪದ ಊರುಗಳಿಗಷ್ಟೇ ಓಡಾಡಿ ಎಂಜಿನ್ ಚೆನ್ನಾಗಿ ಕಾಯದಿದ್ದರೆ, ಗಾಳಿಯ ತೇವವೇ ಅಲ್ಲಿ ಕೂತು ಹಾಗೆ ಕಾಣುತ್ತದೆ. ಲಾರಿಯನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ನಿನ ತಳದ ಎಣ್ಣೆ ಚೇಂಬರಿನ ಡ್ರೈನ್ ಪ್ಲಗ್ಗನ್ನು ಕಳಚದೆ ನಿಧಾನವಾಗಿ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಬೆರೆಯದೆ ಉಳಿದ ನೀರಿದ್ದರೆ ಮೊದಲು ಅದೇ ಬರುತ್ತದೆ. ಬೆರೆತುಹೋಗಿದೆ ಎಂಬ ಅನುಮಾನವಿದ್ದರೆ ಎಣ್ಣೆಯ ಒಂದು ತೊಟ್ಟನ್ನು ಕಾದ ತಗಡಿನ ಮೇಲೆ ದೂರದಿಂದ ಬೀಳಿಸಿ. ಬರಿಯ ಎಣ್ಣೆ ಸುಮ್ಮನೆ ಹೊಗೆಯಾಡುತ್ತದೆ, ನೀರು ಸೇರಿದ್ದು ಚಟಚಟ ಸಿಡಿಯುತ್ತದೆ. ಸಿಡಿದರೆ ಆ ಎಣ್ಣೆಯಲ್ಲಿ ಲಾರಿಯನ್ನು ಗ್ಯಾರೇಜಿನವರೆಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಬೇರಿಂಗುಗಳು ನೀರು ಬೆರೆತ ಎಣ್ಣೆಯನ್ನು ಹೆಚ್ಚು ದಿನ ಸಹಿಸುವುದಿಲ್ಲ, ಅವು ಹೋದರೆ ಎಂಜಿನ್ ಬದಲಿಸಿ ಎಂದವರ ಮಾತೇ ಕೊನೆಗೆ ನಿಜವಾಗುತ್ತದೆ.

ಕೂಲರ್ ಬದಲಿಸಿದ ಮೇಲೆ ನೀರಿನ ದಾರಿಯನ್ನು ಪೂರ್ತಿ ತೊಳೆಸಬೇಕು. ಎಣ್ಣೆಯಲ್ಲಿ ನೆನೆದ ಹೋಸ್ ಪೈಪುಗಳು ಉಬ್ಬಿ ಮೆತ್ತಗಾಗಿರುತ್ತವೆ. ಅವನ್ನು ಉಳಿಸಿಕೊಂಡರೆ ಇನ್ನು ಕೆಲವು ತಿಂಗಳಲ್ಲಿ ಹೊಸದೊಂದು ಸೋರಿಕೆಗೆ ಈ ಅಂಕಣಕ್ಕೆ ಮತ್ತೆ ಬರೆಯಬೇಕಾಗುತ್ತದೆ.

ಪ್ರಶ್ನೆ: ರೇಡಿಯೇಟರ್ ಸಣ್ಣಗೆ ಸೋರಿದಾಗ ನಮ್ಮಲ್ಲಿ ಅರಿಶಿನದ ಪುಡಿ ಹಾಕುತ್ತಾರೆ. ಅಂಗಡಿಯಲ್ಲಿ ಸೋರಿಕೆ ನಿಲ್ಲಿಸುವ ಪುಡಿಯೂ ಸಿಗುತ್ತದೆ. ಯಾವುದು ಒಳ್ಳೆಯದು? ನಾವು ಹಾಕುವುದು ಕೊಳವೆಬಾವಿಯ ನೀರು.
– ಓದುಗರು, ಗದಗ

ಉತ್ತರ: ಎರಡರ ಕೆಲಸವೂ ಒಂದೇ. ನೀರಿನೊಡನೆ ಸುತ್ತುವ ಕಣಗಳು ಸೋರುವ ತೂತಿಗೆ ಬಂದು ಸಿಕ್ಕಿ ಅದನ್ನು ಮುಚ್ಚುತ್ತವೆ. ಆದರೆ ಬೇಕಾದ ತೂತು ಯಾವುದು, ಬೇಡದ ತೂತು ಯಾವುದು ಎಂಬ ವಿವೇಕ ಅರಿಶಿನಕ್ಕಾಗಲಿ ಪುಡಿಗಾಗಲಿ ಇರುವುದಿಲ್ಲವಾದ್ದರಿಂದ, ಅದೇ ಕಣಗಳು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ, ಆಯಿಲ್ ಕೂಲರಿನ ಸಂದಿಯಲ್ಲಿ, ಕಂಪ್ರೆಸರಿಗೆ ಹೋಗುವ ಪೈಪಿನಲ್ಲಿ ಕೂಡ ಕೂರುತ್ತವೆ. ರಾತ್ರಿ ಹೊತ್ತು ಊರಿಲ್ಲದ ಕಡೆ ಸಿಕ್ಕಿಬಿದ್ದಾಗ ಗ್ಯಾರೇಜ್ ಮುಟ್ಟಲು ಒಂದು ಚಿಟಿಕೆ ಹಾಕಿದರೆ ನಾನು ಬೈಯಲಾರೆ, ಆದರೆ ಮರುದಿನವೇ ನೀರೆಲ್ಲ ಬಸಿದು ತೊಳೆಯಬೇಕು. ನಿಮ್ಮದು ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರ್ ಆಗಿದ್ದರೆ ಬೆಸುಗೆ ಹಾಕಿಸುವುದು ಸುಲಭ. ಹಾಗಿರುವಾಗ ಪುಡಿಯನ್ನು ನಂಬಿ ಕೂರುವುದರಲ್ಲಿ ಅರ್ಥವಿಲ್ಲ.

ನೀರಿನ ವಿಷಯದಲ್ಲೇ ನಿಮ್ಮ ಸೋರಿಕೆಯ ಮೂಲವಿರಬಹುದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬಿಳಿಯ ಪದರವಾಗಿ ಲೋಹಕ್ಕೆ ಅಂಟುತ್ತದೆ. ನೀರು ಸೋರಿದಷ್ಟೂ ಹೊಸ ನೀರು ಹಾಕುತ್ತೀರಿ, ಹಾಕಿದಷ್ಟೂ ಹೊಸ ಸುಣ್ಣ ಒಳಗೆ ಬರುತ್ತದೆ, ಪದರ ದಪ್ಪವಾದಷ್ಟೂ ಎಂಜಿನ್ ಹೆಚ್ಚು ಕಾಯುತ್ತದೆ, ಕಾದಷ್ಟೂ ಬೆಸುಗೆ ಬಿಡುತ್ತದೆ. ಜೊತೆಗೆ ಬರಿಯ ನೀರಿನಲ್ಲಿ ತುಕ್ಕು ತಡೆಯುವ ಗುಣವಿಲ್ಲದ್ದರಿಂದ ಕೋರ್ ಪ್ಲಗ್ಗುಗಳು ಒಳಗಿನಿಂದಲೇ ತಿಂದುಹೋಗುತ್ತವೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ: ಕರ್ನಾಟಕದಲ್ಲಿ ಕೂಲಂಟ್ ಬೇಕಾಗಿರುವುದು ತುಕ್ಕು ತಡೆಯುವುದಕ್ಕೆ. ಬೆರೆಸುವ ಮಾದರಿಯ ಕೂಲಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಡನೆ ಸಮಪಾಲಾಗಿ ಬೆರೆಸಿ ಹಾಕಿ. ಮೊದಲೇ ಬೆರೆಸಿ ಮಾರುವುದಕ್ಕೆ ನೀರು ಸೇರಿಸಬೇಡಿ. ನೀರಿನ ಶುದ್ಧೀಕರಣ ಘಟಕದಿಂದ ಬೇಡವೆಂದು ಹೊರಬಿಡುವ ನೀರು ಕೊಳವೆಬಾವಿಯ ನೀರಿಗಿಂತಲೂ ಗಡಸು, ಅದು ಬೇಡವೇ ಬೇಡ. ಬಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದರ ರುಚಿ ಸಿಹಿ, ನಾಯಿಗಳೂ ದನಗಳೂ ನೆಕ್ಕುತ್ತವೆ, ಅದು ಅವುಗಳ ಪಾಲಿಗೆ ವಿಷ.

ಪ್ರಶ್ನೆ: ನೀರು ಹೊರಗೆ ಚೆಲ್ಲದಿರಲಿ ಎಂದು ಹೆಚ್ಚು ಒತ್ತಡದ ಮುಚ್ಚಳ ಹಾಕಬಹುದೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಬೇಡ. ಪ್ರೆಶರ್ ಕುಕ್ಕರಿನ ಗುಂಡಿಗೆ ಕಲ್ಲು ಕಟ್ಟಿದಂತೆ ಆಗುತ್ತದೆ. ಮುಚ್ಚಳ ತಡೆದ ಒತ್ತಡವು ಹಳೆಯ ರೇಡಿಯೇಟರಿನ ಬೆಸುಗೆ, ಹೋಸ್ ಪೈಪು, ಪಂಪಿನ ಸೀಲ್ ಇವುಗಳಲ್ಲಿ ಯಾವುದು ದುರ್ಬಲವೋ ಅದನ್ನು ಹುಡುಕಿಕೊಂಡು ಹೋಗುತ್ತದೆ. ಈಗಿನ ಮುಚ್ಚಳದ ಮೇಲೆ ಬರೆದಿರುವ ಅಂಕಿಯನ್ನು ಓದಿ, ಅದು ನಿಮ್ಮ ಲಾರಿಯ ಕೈಪಿಡಿಯಲ್ಲಿರುವ ಅಂಕಿಯೇ ಎಂದು ಹೋಲಿಸಿ ನೋಡಿ. ಕೈಬದಲಾದ ಲಾರಿಗಳಲ್ಲಿ ಅಂಗಡಿಯವರು ಕೊಟ್ಟ ಯಾವುದೋ ಮುಚ್ಚಳ ಕೂತಿರುವುದು ಹೊಸದೇನಲ್ಲ. ಕೈಪಿಡಿಯ ಅಂಕಿಯದೇ ಹೊಸ ಮುಚ್ಚಳ ಹಾಕಿ, ಆಗಲೂ ಚೆಲ್ಲಿದರೆ ಏರ್ ಮೀಟರ್ ನೋಡುತ್ತಾ ಮೇಲೆ ಹೇಳಿದ ಗುಳ್ಳೆಯ ಪರೀಕ್ಷೆ ಮಾಡಿಸಿ.